ಬಿ.ಎಚ್. ರಸ್ತೆಯ ಹಳೆಯ ಚಿತ್ರಗಳು: ಕ್ಯಾಮೆರಾ ನಿಂತ ಜಾಗದ ಹುಡುಕಾಟ



ಶಿವಮೊಗ್ಗದಲ್ಲಿ ಒಂದು ಬಿ.ಎಚ್. ರಸ್ತೆ ಇದೆ, ಭದ್ರಾವತಿಯಲ್ಲಿ ಒಂದಿದೆ, ಸಾಗರದಲ್ಲೂ ಇದೆ. ಮೂರೂ ಒಂದೇ ರಸ್ತೆ ಎಂಬುದು ದಿನದ ಓಡಾಟದಲ್ಲಿ ಮರೆತುಹೋಗುತ್ತದೆ. ಅದು ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ದಾರಿ. ನಮ್ಮ ಭಾಗದಲ್ಲಿ ಹಿಂದೆ ಅದು 206ನೆಯ ರಾಷ್ಟ್ರೀಯ ಹೆದ್ದಾರಿ, ಈಗ 69. ಎತ್ತಿನಗಾಡಿಗಳಿಗಾಗಿ ಆದ ಈ ದಾರಿಗೇ ನಮ್ಮ ಸೀಮೆಯ ಮೊದಲ ಮೋಟಾರುಗಳು ಇಳಿದವು.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದು ತಾಳಗುಪ್ಪ ಮುಟ್ಟಲು ಮತ್ತೆ ಸುಮಾರು ನಾಲ್ಕು ದಶಕ ಹಿಡಿಯಿತು. ಅಷ್ಟೂ ಕಾಲ ಜೋಗ ನೋಡಬೇಕೆಂದವರು ಶಿವಮೊಗ್ಗದಲ್ಲಿ ರೈಲಿಳಿದು ರಸ್ತೆ ಹಿಡಿಯಬೇಕಿತ್ತು. ಕ್ಯಾಮೆರಾ ಇದ್ದವರು ದಾರಿಯುದ್ದಕ್ಕೂ ಚಿತ್ರ ತೆಗೆದರು. ಸೇತುವೆ, ಸಾಲುಮರ, ಪ್ರವಾಸಿ ಬಂಗಲೆ, ನಿಂತ ಕಾರು, ಕಾರಿನ ಸುತ್ತ ನೆರೆದ ಮಕ್ಕಳು. ಇಂಥ ಚಿತ್ರಗಳು ನಮ್ಮ ಮನೆಗಳ ಆಲ್ಬಮ್ಮುಗಳಲ್ಲಿ ಇಂದೂ ಇವೆ, ಎಲ್ಲಿಯವು ಎಂಬ ಮಾತಿಲ್ಲದೆ. ಜಾಗ ಗೊತ್ತಾಗದ ಚಿತ್ರ ಆ ಮನೆಯವರ ನೆನಪಾಗಿಯೇ ಉಳಿಯುತ್ತದೆ. ಜಾಗ ಗೊತ್ತಾದರೆ ಅದೇ ಚಿತ್ರ ಊರಿಗೆಲ್ಲ ದಾಖಲೆ. ಇವತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ.

ಚಿತ್ರ ಕೈಗೆ ಬಂದರೆ ಮೊದಲು ಅದು ತಿರುಗುಮುರುಗಾಗಿದೆಯೇ ನೋಡಬೇಕು. ಗಾಜಿನ ಪ್ಲೇಟನ್ನು ಮಗುಚಿ ಮುದ್ರಿಸಿದರೆ ಎಡದ ನದಿ ಬಲಕ್ಕೆ ಬರುತ್ತದೆ. ಆಮೇಲೆ ಎಷ್ಟು ಅಲೆದರೂ ಜಾಗ ಸಿಗುವುದಿಲ್ಲ. ಚಿತ್ರದಲ್ಲಿ ಅಕ್ಷರವಿದ್ದರೆ ಕೂಡಲೆ ತಿಳಿಯುತ್ತದೆ. ಇಲ್ಲದಿದ್ದರೆ ಮನುಷ್ಯರನ್ನು ನೋಡಿ. ಗಂಡಸರ ಕೋಟಿನ ಗುಂಡಿಸಾಲು ತೊಟ್ಟವರ ಬಲಭಾಗದಲ್ಲಿರಬೇಕು, ಜನಿವಾರ ಎಡ ಹೆಗಲಿನಿಂದ ಇಳಿದಿರಬೇಕು.

ಇನ್ನು ಬರಹ. ಹಳೆಯ ಚಿತ್ರದಡಿಯ ‘ಬೆಂಕಿಪುರ’ ನಮ್ಮ ಭದ್ರಾವತಿಯೇ. ‘ಗೇರುಸೊಪ್ಪೆ ಜಲಪಾತ’ ಎಂದಿದ್ದರೆ ಅದು ಜೋಗ. ಘಟ್ಟದ ಕೆಳಗಿನ ಗೇರುಸೊಪ್ಪೆಗೆ ಹೋಗಿ ಹುಡುಕಬಾರದು. ಬರಹವನ್ನು ಪೂರ್ತಿ ನಂಬಲೂಬಾರದು. 1927ರ ಆಗಸ್ಟ್‌ನಲ್ಲಿ ಗಾಂಧೀಜಿ ಈ ಕಡೆ ಬಂದಿದ್ದರು. ಜೋಗಕ್ಕೆ ಹೋಗೋಣವೆಂದು ಅವರ ಒಡನಾಡಿ ಕಾಕಾ ಕಾಲೇಲ್ಕರ್ ಎಷ್ಟು ಕೇಳಿಕೊಂಡರೂ ಗಾಂಧೀಜಿ ಹೋಗಲಿಲ್ಲ. ಆ ಪ್ರವಾಸದ್ದೆಂದು ಜೋಗದ ಚಿತ್ರವನ್ನು ಯಾರಾದರೂ ತೋರಿಸಿದರೆ ಒಪ್ಪಬೇಡಿ. ಶಿವಮೊಗ್ಗದ ಚಿತ್ರವಾದರೂ ಹೊಳೆ ನೋಡಿ: ಆಗಸ್ಟ್‌ನಲ್ಲಿ ತುಂಗೆ ತುಂಬಿ ಹರಿಯುತ್ತಾಳೆ. ಚಿತ್ರದಲ್ಲಿ ಬಂಡೆಗಳು ಎದ್ದು ಕಂಡರೆ ಅದು ಬೇರೆ ತಿಂಗಳಿನದು.

ನೆರಳೂ ತಿಂಗಳನ್ನು ಹೇಳುತ್ತದೆ. ಶಿವಮೊಗ್ಗ ಹದಿನಾಲ್ಕು ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರವಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ದಿನಗಳಲ್ಲಿ ಉತ್ತರಕ್ಕೆ. ಮಳೆಗಾಲದಲ್ಲಿ ಬಿಸಿಲೇ ಅಪರೂಪ. ಹಾಗಾಗಿ ನೆರಳು ದಕ್ಷಿಣಕ್ಕಿದ್ದು ಹೊಳೆ ಬತ್ತಿದ್ದರೆ ಅದು ಬಹುಮಟ್ಟಿಗೆ ಮೇ ತಿಂಗಳು. ತಿಂಗಳು ಮೊದಲೇ ಗೊತ್ತಿದ್ದರೆ ಇದೇ ನೆರಳಿನಿಂದ ದಿಕ್ಕು ಸಿಗುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ವಸ್ತುಗಳ ಜೋಡಣೆ. ಶಿವಮೊಗ್ಗದವರಿಗೆ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪವನ್ನು ಪರಿಚಯ ಮಾಡಿಸಬೇಕಿಲ್ಲ. ಮಂಟಪ ಮುಳುಗಿತೇ ಎಂದು ಕೇಳಿಯೇ ನಾವು ಪ್ರವಾಹ ಅಳೆಯುವವರು. ಚಿತ್ರದಲ್ಲಿ ಮಂಟಪದ ಅಂಚು ಆಚೆ ದಡದ ಯಾವುದೋ ಗೋಡೆಗೆ ಸರಿಯಾಗಿ ಕೂತಿದೆ ಎನ್ನಿ. ಹಾಗೆ ಕಾಣುವ ಜಾಗಗಳೆಲ್ಲ ಒಂದೇ ಗೆರೆಯ ಮೇಲಿರುತ್ತವೆ. ಇನ್ನೊಂದು ಜೋಡಿ ಸಿಕ್ಕರೆ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಕ್ಯಾಮೆರಾ ಇತ್ತು. ವಸ್ತು ದೊಡ್ಡದಾಗಿ ಕಂಡಿತು, ಆದ್ದರಿಂದ ಹತ್ತಿರವಿತ್ತು ಎಂದು ಲೆಕ್ಕ ಹಾಕಬಾರದು. ಲೆನ್ಸ್ ಬದಲಾದರೆ, ಮುದ್ರಿಸುವಾಗ ಅಂಚು ಕತ್ತರಿಸಿದರೆ ಗಾತ್ರ ಬದಲಾಗುತ್ತದೆ. ಯಾವುದು ಯಾವುದನ್ನು ಮರೆಮಾಡಿದೆ ಎಂಬುದು ಮಾತ್ರ ಬದಲಾಗುವುದಿಲ್ಲ.

ಭದ್ರಾವತಿಯಲ್ಲಿ ಸೇತುವೆ ನೋಡಿ ಮೋಸಹೋಗುವುದು ಸುಲಭ. ಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಅಲ್ಲಿ ಮುಳುಗುವುದು ಹೊಸ ಸೇತುವೆ. ಹಳೆ ಸೇತುವೆ ಎತ್ತರದಲ್ಲಿ ನಿಂತೇ ಇರುತ್ತದೆ. ನೀರಿಗೆ ಹತ್ತಿರವಾಗಿ ತಗ್ಗಾಗಿ ಕಂಡದ್ದನ್ನೆಲ್ಲ ಹಳೆಯದೆಂದು ಬರೆದಿಟ್ಟರೆ ತಪ್ಪು ದಾಖಲೆಯಾಗುತ್ತದೆ. ಕಾಲ ತಿಳಿಯಲು ಕಾರ್ಖಾನೆ ಇದೆ. ಇದ್ದಿಲಿನಿಂದ ಕಬ್ಬಿಣ ಕರಗಿಸುವ ಕುಲುಮೆ ಇಲ್ಲಿ ಉರಿಯತೊಡಗಿದ್ದು 1923ರ ಜನವರಿಯಲ್ಲಿ. ಊರಿನ ನೆತ್ತಿಯ ಮೇಲೆ ಹೊಗೆ ಕಂಡರೆ ಚಿತ್ರ ಬಹುಮಟ್ಟಿಗೆ ಅದರ ಈಚಿನದು. ಲಕ್ಷ್ಮೀನರಸಿಂಹ ದೇವಾಲಯದ ಗೋಪುರಗಳು ಹೊಯ್ಸಳರ ಕಾಲದವು. ಅವು ಕಾಲ ಹೇಳಲಾರವು, ದಿಕ್ಕು ಹೇಳುತ್ತವೆ.

ಊರಾಚೆ, ಆಯನೂರು, ಕುಂಸಿ, ಚೋರಡಿ, ಆನಂದಪುರದ ಕಡೆ, ಮೈಲಿಗಲ್ಲೇ ಆಧಾರ. ಸರ್ವೆ ಆಫ್ ಇಂಡಿಯಾದ ಒಂದು ಇಂಚಿಗೆ ಒಂದು ಮೈಲಿಯ ಹಳೆಯ ನಕ್ಷೆಗಳಲ್ಲಿ ಮೈಲಿ ಅಂಕಿಗಳನ್ನು ಗುರುತಿಸಿರುತ್ತಾರೆ. ಶಿವಮೊಗ್ಗ, ಭದ್ರಾವತಿ ಎರಡೂ 48 ಓ/9 ಹಾಳೆಯೊಳಗೆ ಬರುತ್ತವೆ. ಕಲ್ಲಿನ ಅಂಕಿ ಓದಲು ಬಂದರೆ ಹುಡುಕಾಟ ಅರ್ಧ ಮುಗಿದಂತೆ. ಕಿಲೋಮೀಟರ್ ಕಲ್ಲುಗಳು ಬಂದದ್ದು 1956ರ ಮೆಟ್ರಿಕ್ ಕಾಯ್ದೆಯ ನಂತರ.

ಈಗ ತುಮಕೂರು–ಶಿವಮೊಗ್ಗ ಹೆದ್ದಾರಿಗೆ ಚತುಷ್ಪಥದ ಕೆಲಸ ಬಂದಿದೆ. ರಸ್ತೆ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಾಲುಮರ, ಹಳೆ ಮೋರಿ, ಮೈಲಿಗಲ್ಲು ಹೋದಮೇಲೆ ಚಿತ್ರವನ್ನು ಯಾವುದರ ಜೊತೆ ಹೋಲಿಸಿ ನೋಡುವುದು? ಇದು ನನಗೆ ನಿಜಕ್ಕೂ ಕಳವಳ ತರುತ್ತದೆ. ಆದ್ದರಿಂದ ಕೇಳಿಕೊಳ್ಳುತ್ತೇನೆ: ಮನೆಯ ಚಿತ್ರಗಳನ್ನು ಹೊರತೆಗೆಯಿರಿ. ಪೆನ್ನಿನಲ್ಲಿ ಬೇಡ, ಮೆತ್ತನೆಯ ಪೆನ್ಸಿಲ್ಲಿನಲ್ಲಿ ಹಿಂಬದಿಗೆ ಬರೆಯಿರಿ. ಯಾರ ಮನೆಯದು, ಯಾರು ಹೇಳಿದ್ದು, ಎಷ್ಟು ಖಚಿತ, ಎಲ್ಲವನ್ನೂ ಬರೆಯಿರಿ. ಆಮೇಲೆ ಚಿತ್ರದ ಪ್ರತಿ ಹಿಡಿದು ಆ ಜಾಗಕ್ಕೆ ಹೋಗಿ, ಅದೇ ಋತುವಿನಲ್ಲಿ, ಅದೇ ಹೊತ್ತಿನಲ್ಲಿ ಹೊಸದೊಂದನ್ನು ತೆಗೆದು ಎರಡನ್ನೂ ಒಟ್ಟಿಗಿಡಿ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ. ಮಂಟಪದ ಅಂಚು ಗೋಡೆಗೆ ಕೂತಿತೋ ಇಲ್ಲವೋ ಅವರು ನಮಗಿಂತ ಬೇಗ ಹೇಳುತ್ತಾರೆ.