ಅರಮನೆ ಉಳಿಯಿತು, ಮನೆಯವರೆಲ್ಲಿ?



ಸ್ಪೇನಿನ ಗ್ರಾನಡಾ ನಗರದ ಅಲ್‌ಹಮ್ರಾ ಅರಮನೆಯಲ್ಲಿ ನಾವು ಮಕ್ಕಳೊಂದಿಗೆ ಒಂದು ದಿನ ಕಳೆದೆವು. ಬೆಳಿಗ್ಗೆ ಜನರಲೀಫೆ ಉದ್ಯಾನವನ್ನು ನೋಡಿದೆವು. ಅಲ್ಲಿನ ಒಂದು ಮೆಟ್ಟಿಲ ಸಾಲಿನ ಇಕ್ಕೆಲದ ಗಿಡ್ಡ ಗೋಡೆಗಳ ಮೇಲೆಯೇ ನೀರು ಹರಿಯುತ್ತದೆ. ದಾರ್ರೊ ನದಿಯಿಂದ ಕಾಲುವೆ ತೋಡಿ ಗುಡ್ಡಕ್ಕೆ ತಂದ ನೀರದು. ಮಕ್ಕಳು ಅದರಲ್ಲಿ ಕೈಯಾಡಿಸುತ್ತಾ ನಡೆದರು.

ಬಳಿಕ ಅರಮನೆ. ಹನ್ನೆರಡು ಅಮೃತಶಿಲೆಯ ಸಿಂಹಗಳು ಹೊತ್ತ ಕಾರಂಜಿಯ ಅಂಗಳ. ಗೋಡೆಗಳ ತುಂಬ ಒಂದೇ ವಾಕ್ಯ ಮತ್ತೆ ಮತ್ತೆ: 'ವಲಾ ಗಾಲಿಬ ಇಲ್ಲಲ್ಲಾಹ್', ಅಂದರೆ ಅಲ್ಲಾಹನ ಹೊರತು ವಿಜಯಿ ಯಾರೂ ಇಲ್ಲ. ಮದ್ರಸದಲ್ಲಿ ಕಲಿತ ಅಕ್ಷರಗಳನ್ನು ಮಗ ಕೂಡಿಸಿ ಓದಿದ. ಆಗ ಚಿಕ್ಕ ಮಗಳು ಕೇಳಿದಳು: "ಇಷ್ಟು ಚಂದದ ಮನೆಯಿದೆ, ಮನೆಯವರೆಲ್ಲಿ?"

ನಮ್ಮ ವೇದಿಕೆಗಳಲ್ಲಿ ಸ್ಪೇನ್ ಎಂದರೆ ಎರಡೇ ರಾಗ: ಒಂದು ಹೆಮ್ಮೆ, ಇನ್ನೊಂದು ಗೋಳು. ಎರಡೂ ಆ ಮಗುವಿನ ಪ್ರಶ್ನೆಗೆ ಉತ್ತರವಾಗಲಾರವು.

1491ರ ಒಪ್ಪಂದದಲ್ಲಿ ಗ್ರಾನಡಾದ ಮುಸ್ಲಿಮರಿಗೆ ಧರ್ಮ, ಮಸೀದಿ ಮತ್ತು ಆಸ್ತಿಯ ರಕ್ಷಣೆಯ ಭರವಸೆಯಿತ್ತು. 1492ರ ಜನವರಿ 2ರಂದು ಕೋಟೆ ಕೈಬದಲಾಯಿತು. ಅದೇ ಮಾರ್ಚ್ 31ರಂದು ಇದೇ ಅಲ್‌ಹಮ್ರಾದಿಂದ ಯಹೂದಿಯರನ್ನು ಹೊರಗಟ್ಟುವ ಆಜ್ಞೆ ಹೊರಟಿತು. 1499ರಿಂದ ಮುಸ್ಲಿಮರ ಬಲವಂತದ ಮತಾಂತರ ಆರಂಭವಾಯಿತು. ಅರಬಿ ಗ್ರಂಥಗಳು ಬೆಂಕಿಗೆ ಆಹುತಿಯಾದವು. ಮತಾಂತರಗೊಂಡವರ ಸಂತತಿಯನ್ನೂ 1609ರಿಂದ 1614ರ ನಡುವೆ ದೇಶದಿಂದ ಅಟ್ಟಲಾಯಿತು. ಒಂದು ಸಮುದಾಯಕ್ಕೆ ಬಗೆದ ಅನ್ಯಾಯವು ಅಲ್ಲಿಗೇ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇದು ಉತ್ತರದ ಅರ್ಧ ಮಾತ್ರ. ಇನ್ನರ್ಧವನ್ನು ಹೇಳಲು ನಾವು ಹಿಂಜರಿಯುತ್ತೇವೆ. 1238ರಲ್ಲಿ ಈ ಕೋಟೆಯ ಕೆಲಸ ಆರಂಭಿಸಿದ ಇಬ್ನುಲ್ ಅಹ್ಮರ್, 1248ರಲ್ಲಿ ಕ್ಯಾಸ್ಟೈಲಿನ ದೊರೆ ಸೆವಿಲ್ಲಾದ ಮುಸ್ಲಿಮರ ಮೇಲೆ ದಂಡೆತ್ತಿದಾಗ ಅವನಿಗೆ ನೆರವಾದರು. ಕೊನೆಯ ದೊರೆ ಅಬೂ ಅಬ್ದುಲ್ಲಾಹ್ ತಂದೆಯ ವಿರುದ್ಧ ದಂಗೆಯೆದ್ದರು, ಚಿಕ್ಕಪ್ಪನೊಂದಿಗೆ ಕಾದಾಡಿದರು. ಶತ್ರು ಊರೂರು ಗೆಲ್ಲುತ್ತಿದ್ದಾಗ ಒಂದೇ ಮನೆಯವರು ಸಿಂಹಾಸನಕ್ಕಾಗಿ ಜಗಳವಾಡಿದರು. ವಿಜಯ ಅಲ್ಲಾಹನದೆಂದು ಗೋಡೆಯಲ್ಲಿ ಕೆತ್ತಿದವರು ಮನದೊಳಗೆ ಅದನ್ನು ಕೆತ್ತಿಕೊಳ್ಳಲಿಲ್ಲ.

ನಾವೇನು ಭಿನ್ನರೇ? ನಮ್ಮ ಮನೆಗಳ ಗೋಡೆಗಳಲ್ಲಿ ಕುರ್‌ಆನಿನ ವಚನಗಳು ಚಿನ್ನದ ಚೌಕಟ್ಟಿನಲ್ಲಿವೆ. ಅದೇ ಮನೆಯ ಅಣ್ಣತಮ್ಮಂದಿರು ಒಂದು ಗಜ ಜಾಗಕ್ಕಾಗಿ ನ್ಯಾಯಾಲಯದಲ್ಲಿದ್ದಾರೆ. ಮಸೀದಿಯ ಆಡಳಿತ ಸಮಿತಿಯ ಕುರ್ಚಿಗಾಗಿ ಜಮಾಅತ್‌ಗಳು ಒಡೆಯುತ್ತವೆ. ಹೆಣ್ಣುಮಕ್ಕಳ ಕಾಲೇಜಿಗೆ ಹಣವಿಲ್ಲವೆನ್ನುವ ನಾವು ಮದುವೆಯ ಮಂಟಪಕ್ಕೆ ಸಾಲ ಮಾಡುತ್ತೇವೆ. ಹೊರಗಿನ ಅನ್ಯಾಯವನ್ನು ನ್ಯಾಯಪ್ರಿಯರೆಲ್ಲರ ಜೊತೆಗೂಡಿ, ಕಾನೂನಿನ ಹಾದಿಯಲ್ಲಿ ಎದುರಿಸಲೇಬೇಕು. ಆದರೆ ಒಳಗಿನ ಬಿರುಕನ್ನು ಬೇರೆ ಯಾರೂ ಬಂದು ಮುಚ್ಚಿಕೊಡುವುದಿಲ್ಲ.

ಸಂಜೆ ಎದುರಿನ ಅಲ್ಬಾಯ್ಸಿನ್ ಗುಡ್ಡಕ್ಕೆ ಹೋದೆವು. ಅಲ್ಲಿ 2003ರಲ್ಲಿ ತೆರೆದ ಮಸೀದಿಯಿದೆ. ಅರಮನೆಯ ಮುಂದೆ ಅದು ತೀರಾ ಚಿಕ್ಕದು, ಆದರೆ ಅಲ್ಲಿ ನಮಾಝ್‌ಗೆ ಜನರಿದ್ದರು. ಸಾಲಿನಲ್ಲಿ ನಿಂತಾಗ ಮಗಳ ಪ್ರಶ್ನೆ ಮತ್ತೆ ನೆನಪಾಯಿತು. ಮಕ್ಕಳಿಗೆ ನಾವು ಬಿಟ್ಟುಹೋಗಬೇಕಾದುದು ಕೆತ್ತಿದ ಗೋಡೆಗಳನ್ನಲ್ಲ, ಒಂದಾಗಿ ನಿಲ್ಲಬಲ್ಲ ಸಾಲನ್ನು.

ಅಲ್ಲಾಹನು ಅನುಗ್ರಹಿಸಲಿ. ಆಮೀನ್.