ಕರುವಿಗಿಂತ ಅಗ್ಗವಾದ ಹಸು

ಗಬ್ಬದ ಹಸುವಿನ ವ್ಯಾಪಾರ ಕಂಡವರಿಗೆ ಅದರ ಲೆಕ್ಕ ಗೊತ್ತು. ಹಸುವಿಗೆ ಒಂದು ಬೆಲೆ, ಹೊಟ್ಟೆಯಲ್ಲಿರುವ ಕರುವಿನ ಆಸೆಗೆ ಅದರ ಮೇಲೆ ಇನ್ನಷ್ಟು. ಹುಟ್ಟಲಿರುವ ಕರುವಿಗೆ ಹತ್ತು ಸಾವಿರ, ಕರುವಿನ ಸಮೇತ ಹಸುವಿಗೆ ಆರು ಸಾವಿರ ಎಂದು ಯಾರಾದರೂ ಸಂತೆಯಲ್ಲಿ ಕೂಗಿದರೆ ಜನ ನಕ್ಕಾರು, ಇಲ್ಲವೇ ಹಸುವಿನ ಹಗ್ಗ ಹಿಡಿದು ಹೊರಟಾರು. ಅಮೆರಿಕದ ನಾಸ್ಡಾಕ್ ಷೇರು ಪೇಟೆಯಲ್ಲಿ 2000ದ ಮಾರ್ಚ್ 2ರಂದು ನಡೆದದ್ದು ಇಂಥದೇ ವ್ಯಾಪಾರ. ಅಲ್ಲಿ ಯಾರೂ ನಗಲಿಲ್ಲ.

ಹಸುವಿನ ಹೆಸರು ತ್ರೀಕಾಮ್. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸಲಕರಣೆ ತಯಾರಿಸುವ ಹಳೆಯ, ಲಾಭದಲ್ಲಿದ್ದ ಕಂಪೆನಿ. ಕರು ಪಾಮ್, ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರು ಮಾಡುತ್ತಿದ್ದ ಅಂಗಸಂಸ್ಥೆ. ತ್ರೀಕಾಮ್ ಪಾಮ್‌ನ ಶೇಕಡಾ 5ರಷ್ಟು ಷೇರುಗಳನ್ನು ಮಾತ್ರ ಮಾರಿ, ಉಳಿದ 95 ಭಾಗವನ್ನು ಆ ವರ್ಷದ ಕೊನೆಯೊಳಗೆ ತನ್ನ ಷೇರುದಾರರಿಗೇ ಹಂಚುವುದಾಗಿ ಸಾರಿತ್ತು. ತ್ರೀಕಾಮ್‌ನ ಒಂದು ಷೇರು ಇದ್ದವನಿಗೆ ಪಾಮ್‌ನ ಸುಮಾರು ಒಂದೂವರೆ ಷೇರು ಪುಕ್ಕಟೆಯಾಗಿ ಬರುವುದಿತ್ತು.

ಇಲ್ಲಿ ಲೆಕ್ಕ ಸ್ವಲ್ಪ ಗಮನವಿಟ್ಟು ಕೇಳಬೇಕು. 38 ಡಾಲರಿಗೆ ನೀಡಿದ್ದ ಪಾಮ್ ಷೇರು ಆ ದಿನ 165ರವರೆಗೆ ಹಾರಿ, ಸಂಜೆಗೆ 95 ಡಾಲರಿನಲ್ಲಿ ನಿಂತಿತು. ಒಂದೂವರೆ ಪಾಮ್ ಅಂದರೆ 142 ಡಾಲರ್. ಅಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡ ತ್ರೀಕಾಮ್ ಷೇರು ಅದಕ್ಕಿಂತ ಕೆಳಗೆ ಇರಬಾರದಷ್ಟೆ? ಹಿಂದಿನ ದಿನ 104 ಡಾಲರ್ ಇದ್ದ ಅದು ಏರುವ ಬದಲು 82ಕ್ಕೆ ಇಳಿಯಿತು! ಪಾಮ್ ಬಿಟ್ಟು ತ್ರೀಕಾಮ್‌ನಲ್ಲಿದ್ದ ಎಲ್ಲಕ್ಕೂ, ಅದರ ಕಾರ್ಖಾನೆ, ಗಿರಾಕಿಗಳು, ಷೇರೊಂದಕ್ಕೆ ಸುಮಾರು 10 ಡಾಲರಿನಷ್ಟಿದ್ದ ನಗದು ಎಲ್ಲಕ್ಕೂ, ಪೇಟೆ ಕಟ್ಟಿದ ಬೆಲೆ ಸೊನ್ನೆಗಿಂತ 60 ಡಾಲರ್ ಕೆಳಗೆ. ಒಟ್ಟಾರೆ ಸೊನ್ನೆಗಿಂತ 2,200 ಕೋಟಿ ಡಾಲರ್ ಕಡಿಮೆ. ಅತ್ತ ಪಾಮ್‌ನ ಬೆಲೆ 5,300 ಕೋಟಿ ಡಾಲರ್ ದಾಟಿ, ಆ ಹೊತ್ತಿಗೆ ಜನರಲ್ ಮೋಟಾರ್ಸ್‌ಗಿಂತಲೂ ದೊಡ್ಡ ಕಂಪೆನಿ ಅದೆನಿಸಿಕೊಂಡಿತು.

ಇದು ಗುಟ್ಟಿನ ಸಂಗತಿಯೂ ಆಗಿರಲಿಲ್ಲ. ಮರುದಿನವೇ ಪತ್ರಿಕೆಗಳು ಈ ವಿಚಿತ್ರವನ್ನು ಬರೆದವು. ಆದರೂ ಅದು ವಾರಗಟ್ಟಲೆ ಉಳಿಯಿತು.

ಪೇಟೆಯ ಬೆಲೆ ಎಂದರೆ ಎಲ್ಲರಿಗೂ ಗೊತ್ತಿರುವುದರ ಸಾರ, ಅದನ್ನು ಮೀರಿಸುವ ಜಾಣ ಇಲ್ಲ ಎಂದು ಹಲವು ದಶಕ ಪಾಠ ಹೇಳಿದವರು ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಫಾಮ. ಅದೇ ವಿಶ್ವವಿದ್ಯಾಲಯದ ರಿಚರ್ಡ್ ಥೇಲರ್ ಮತ್ತು ಓವನ್ ಲಾಮಂಟ್ ಈ ಪ್ರಕರಣವನ್ನು ಅಭ್ಯಸಿಸಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ತಲೆಬರಹವೇ ಒಂದು ಚುಚ್ಚುಮಾತು: ಪೇಟೆಗೆ ಕೂಡಿಸಲು, ಕಳೆಯಲು ಬರುತ್ತದೆಯೇ? ಫಾಮ ಅವರಿಗೆ 2013ರಲ್ಲಿ, ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ವಾದಿಗೂ ಪ್ರತಿವಾದಿಗೂ ಹಾರ ಹಾಕಿದಂತಾಯಿತು.

ಹಾಗಾದರೆ ಜಾಣರು ಎಲ್ಲಿ ಹೋಗಿದ್ದರು? ತ್ರೀಕಾಮ್ ಕೊಂಡು, ಪಾಮ್ ಮಾರಿ, ವ್ಯತ್ಯಾಸವನ್ನು ಜೇಬಿಗಿಳಿಸಬಹುದಿತ್ತಲ್ಲ? ಕಾಗದದ ಮೇಲೆ ಇದು ಸರಿ. ಆದರೆ ಕೈಯಲ್ಲಿಲ್ಲದ ಪಾಮ್ ಷೇರನ್ನು ಮಾರಬೇಕಾದರೆ ಮೊದಲು ಅದನ್ನು ಇನ್ನೊಬ್ಬರಿಂದ ಸಾಲ ತರಬೇಕು. ಇದಕ್ಕೆ ಪೇಟೆಯಲ್ಲಿ ಶಾರ್ಟ್ ಸೆಲ್ಲಿಂಗ್ ಎನ್ನುತ್ತಾರೆ. ಹೊರಗೆ ಓಡಾಡುತ್ತಿದ್ದುದು ನೂರರಲ್ಲಿ ಐದು ಷೇರು. ಅವನ್ನು ಹಿಡಿದವರಲ್ಲಿ ಅನೇಕರು ಸಾಲ ಕೊಡುವ ದಲ್ಲಾಳಿ ವ್ಯವಸ್ಥೆಯ ಹೊರಗಿದ್ದ ಸಾಮಾನ್ಯರು. ಸಾಲ ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ವಿಪರೀತ. ಮೇಲಾಗಿ ಹಂಚಿಕೆಗೆ ತೆರಿಗೆ ಇಲಾಖೆಯ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ತಪ್ಪು ಎಲ್ಲರಿಗೂ ಕಾಣುತ್ತಿತ್ತು; ತಿದ್ದುವ ದಾರಿ ಕೆಲವರಿಗಷ್ಟೇ ಇತ್ತು. ಬೆಲೆಯಿಂದ ಸುಲಭದ ಲಾಭ ಸಿಗುವುದಿಲ್ಲ ಎಂಬುದೇ ಬೇರೆ, ಬೆಲೆ ಸರಿಯಾಗಿದೆ ಎಂಬುದೇ ಬೇರೆ. ಥೇಲರ್ ಒತ್ತಿ ಹೇಳಿದ್ದು ಇದನ್ನೇ.

ಇಷ್ಟೆಲ್ಲ ಆದ ಮೇಲೂ ಬಿಡಿಸಲಾಗದ ಒಂದು ಒಗಟು ಉಳಿಯುತ್ತದೆ. ಪಾಮ್‌ನ ಮೇಲೆ ಮೋಹವಿದ್ದವನು ಅದನ್ನೇ ಏಕೆ ಕೊಂಡ? ತ್ರೀಕಾಮ್ ಕೊಂಡಿದ್ದರೆ ಅದೇ ಪಾಮ್ ಅಗ್ಗದಲ್ಲಿ ಬರುತ್ತಿತ್ತು, ಜೊತೆಗೆ ಒಂದು ಕಂಪೆನಿಯೂ ದಕ್ಕುತ್ತಿತ್ತು. ಅದಕ್ಕೆ ಸಾಲದ ಷೇರೂ ಬೇಕಿರಲಿಲ್ಲ. ಹೆಸರು ಕೇಳಿ ಕೊಂಡವರು, ನಾಳೆ ಮತ್ತೊಬ್ಬನಿಗೆ ಹೆಚ್ಚಿಗೆ ಮಾರುವ ಆಸೆಯಿಂದ ಕೊಂಡವರು ಲೆಕ್ಕ ಹಾಕಲೇ ಇಲ್ಲ ಎನ್ನಬೇಕು.

ಎಂಟೇ ದಿನಕ್ಕೆ, ಮಾರ್ಚ್ 10ರಂದು, ನಾಸ್ಡಾಕ್ ಸೂಚ್ಯಂಕ 5,048ರ ಶಿಖರ ಮುಟ್ಟಿ ಇಳಿಯತೊಡಗಿತು. ತೆರಿಗೆ ಇಲಾಖೆಯ ಒಪ್ಪಿಗೆ ಬಂತು. ಸಾಲ ತಂದು ಮಾರುವ ಪಾಮ್ ಷೇರುಗಳೂ ಹೆಚ್ಚಿದವು. ಜುಲೈ ಕೊನೆಗೆ ಹಂಚಿಕೆ ನಡೆಯುವಷ್ಟರಲ್ಲಿ ಆ ವಿಚಿತ್ರ ಅಂತರ ಕರಗಿತ್ತು. ಮರುವರ್ಷದ ನಡುವಿಗೆ ಪಾಮ್ ಷೇರು 10 ಡಾಲರಿಗೂ ಕೆಳಗಿತ್ತು. ಮೊದಲ ದಿನವೇ 95ಕ್ಕೆ, 165ಕ್ಕೆ ಕೊಂಡು ಉಳಿಸಿಕೊಂಡವರ ಉಳಿತಾಯದ ಗತಿ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

2010ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿ ತಾಯಿ, ಮಗು ಎರಡನ್ನೂ ಬೇರೆ ಬೇರೆಯಾಗಿ ಕೊಂಡಿತು. ತ್ರೀಕಾಮ್‌ಗೆ ಸುಮಾರು 270 ಕೋಟಿ ಡಾಲರ್ ಕೊಟ್ಟರೆ, ಪಾಮ್‌ಗೆ ಕೊಟ್ಟದ್ದು 120 ಕೋಟಿ.