ವಿಚ್ಛೇದನಕ್ಕೆ ವಕೀಲರನ್ನು ಆರಿಸುವವರು ಯಾರು?

(ಬೆಳಗಾವಿಯ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳು ದಾಂಪತ್ಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಹೇಳಿದಾಗ, ಮುರಿದುಬಿದ್ದ ದಾಂಪತ್ಯದ ಬಗ್ಗೆ ಮಾತನಾಡಿದರೆ ನಡೆದೀತೇ ಎಂದು ಕೇಳಿದೆ. ಒಪ್ಪಿಗೆ ಸಿಕ್ಕಿತು. ಹೊಂದಿಕೊಂಡು ಬಾಳಿರಿ ಎಂದು ಹೇಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದು ಒಳ್ಳೆಯ ಮಾತೇ. ಆದರೆ ಹೊಂದಲಾಗದೆ ತವರಿಗೆ ಮರಳಿದ ಮಗಳನ್ನು ಎದುರಿಗೆ ಕೂರಿಸಿಕೊಂಡು, ಇನ್ನು ಯಾವ ವಕೀಲರ ಹತ್ತಿರ ಹೋಗುವುದು ಎಂದು ನಿದ್ದೆಗೆಟ್ಟ ತಂದೆತಾಯಿಗೆ ದಾರಿ ಹೇಳುವವರು ಕಡಿಮೆ. ನಾನು ವಕೀಲನಲ್ಲ. ಕಾಲುವೆ, ಸೇತುವೆ ಎಂದು ಮೂವತ್ತೆರಡು ವರ್ಷ ಸರಕಾರದ ಕೆಲಸ ಮಾಡಿದ ಇಂಜಿನಿಯರ್. ನಿವೃತ್ತನಾದ ಮೇಲೆ ನಮ್ಮ ಬಂಧುಬಳಗದ ನಾಲ್ಕು ಮನೆಯವರ ಜೊತೆ ಬೆಳಗಾವಿಯ ಕೋರ್ಟಿನ ಆವರಣ ಸುತ್ತಿದ್ದೇನೆ. ಅಲ್ಲಿ ಕಂಡದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಹೇಳುತ್ತೇನೆ.

ಅಕ್ಕಮಹಾದೇವಿ ಕೌಶಿಕನ ಅರಮನೆ ತೊರೆದು ನಡೆದಳೆಂದು ಇಂಥ ವೇದಿಕೆಗಳ ಮೇಲೆ ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತೇವೆ. ನಮ್ಮ ಮನೆಯ ಹುಡುಗಿ ಗಂಡನ ಮನೆ ಬಿಟ್ಟು ಬಂದರೆ ಮಾತ್ರ 'ಪರೀಕ್ಷಾ ಐತ್ರಿ, ಓದಾಕ ಬಂದಾಳ' ಎಂದು ಓಣಿಯವರಿಗೆ ಹೇಳುತ್ತೇವೆ. ವಕೀಲರ ಆಯ್ಕೆ ಕೆಡುವುದು ಇಲ್ಲಿಂದಲೇ. ಮುಚ್ಚಿಟ್ಟ ವಿಷಯದ ಬಗ್ಗೆ ನಾಲ್ಕು ಜನರನ್ನು ಕೇಳಲಾಗುವುದಿಲ್ಲ. ಯಾರೋ ಒಬ್ಬ ಬೀಗರು ಕಿವಿಯಲ್ಲಿ ಹೇಳಿದ ಒಂದೇ ಹೆಸರು ಕೈಯಲ್ಲಿ ಉಳಿಯುತ್ತದೆ.

ವಕೀಲರೇ ಬೇಡ ಎನ್ನುವವರೂ ಇದ್ದಾರೆ. ನನ್ನ ತಂಗಿಯ ಮಗಳ ವಿಷಯ ಹೇಳುತ್ತೇನೆ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಬೇಡ. ಖಾನಾಪುರ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದೆವು. ಹುಡುಗ ಪುಣೆಯಲ್ಲಿ ಕಂಪನಿ ಕೆಲಸದಲ್ಲಿ, ಇವಳು ಊರಲ್ಲಿ. ಅವನಿಗೆ ಈ ಸಂಸಾರವೇ ಬೇಡವಾಗಿತ್ತು. ಎರಡೂ ಕಡೆಯ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಬಾಂಡ್ ಪೇಪರ್ ತರಿಸಿ, ಇಂದಿನಿಂದ ಇವರಿಬ್ಬರಿಗೂ ಸಂಬಂಧವಿಲ್ಲ ಎಂದು ಬರೆಸಿದರು. ಇಬ್ಬರೂ ಸಹಿ ಹಾಕಿದರು, ನೋಟರಿಯ ಮುದ್ರೆಯೂ ಬಿತ್ತು. ಆ ಭಾಗದ ಮರಾಠಿ ಮಾತಿನವರು ಇದಕ್ಕೆ ಸೋಡಚಿಠ್ಠಿ ಎನ್ನುತ್ತಾರೆ. 'ಬಾಂಡ್ ಆಗೇತಿ, ಇನ್ನ ವಕೀಲರು ಯಾಕ ಬೇಕ್ರಿ?' ಎಂದು ನಮ್ಮ ಭಾವನವರೇ ಕೇಳಿದರು.

ಯಾಕೆ ಬೇಕೆಂದರೆ, ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಪ್ರತ್ಯೇಕ ಧರ್ಮದ ಮಾನ್ಯತೆಗೆ ನಾವು ನಡೆಸಿರುವ ಹೋರಾಟದ ಮಾತು ಬೇರೆ. ಇವತ್ತು ನಮ್ಮ ಮದುವೆ, ಬಿಡುಗಡೆ ಎರಡೂ ಈ ಕಾಯ್ದೆಯಡಿಯೇ. ರೂಢಿಯಿಂದ ಬಂದ ವಿಚ್ಛೇದನವನ್ನು ಅದು ಪೂರ್ತಿ ತಳ್ಳಿಹಾಕಿಲ್ಲ, ನಿಜ. ಆದರೆ ಅಂಥ ರೂಢಿ ತಮ್ಮಲ್ಲಿ ಇದೆ ಎಂದು ಹೇಳುವವರೇ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ನಮ್ಮ ಹಿರಿಯರಲ್ಲಿ ಬಿಡುಗಡೆಯೂ ಇತ್ತು, ಉಡಕಿಯೂ ಇತ್ತು ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬೆಳಗಾವಿಯವರು ಇನ್ನೊಂದು ಮಾತು ತಿಳಿದಿರಬೇಕು. ನಾವಾಗ ಮುಂಬೈ ಪ್ರಾಂತ್ಯದಲ್ಲಿದ್ದೆವು. ಅಲ್ಲಿ 1947ರಲ್ಲೇ ಹಿಂದೂ ವಿಚ್ಛೇದನ ಕಾಯ್ದೆ ಬಂದಿತ್ತು. ಕೋರ್ಟಿನ ಮೂಲಕ ಬಿಡುಗಡೆ ಎಂಬುದು ಈ ಭಾಗಕ್ಕೆ ನಿನ್ನೆ ಮೊನ್ನೆಯದಲ್ಲ.

ಅಷ್ಟರಲ್ಲಿ ಹುಡುಗನ ಮನೆಯವರು ಅವನಿಗೆ ಎರಡನೆಯ ಹೆಣ್ಣು ನೋಡತೊಡಗಿದ್ದರು. ಆ ಬಾಂಡ್ ನಂಬಿ ಮದುವೆಯಾಗಿದ್ದರೆ ಅವನ ಮೇಲೆ ದ್ವಿಪತ್ನಿತ್ವದ ಅಪರಾಧ ಬರುತ್ತಿತ್ತು, ಬಂದ ಹುಡುಗಿಯ ಮದುವೆ ಶೂನ್ಯವಾಗುತ್ತಿತ್ತು. ಆಕೆಯೂ ಯಾರದೋ ಮನೆಯ ಮಗಳೇ.

ವಕೀಲರನ್ನು ಹುಡುಕುತ್ತ ಮೂರು ಕಡೆ ಹೋದೆವು. ಮೊದಲನೆಯವರು ಹುಲಿ ಎಂದು ಹೆಸರಾದವರು. ಕೂತು ಐದು ನಿಮಿಷವಾಗಿರಲಿಲ್ಲ, 'ಮೊದಲ ಕ್ರಿಮಿನಲ್ ಕೇಸ್ ಹಾಕೂಣು. ಗಂಡ, ಅತ್ತಿ, ಮಾವ, ಮೈದುನ, ನಾದಿನಿ, ಎಲ್ಲಾರ ಹೆಸರೂ ಬರಲಿ. ತಾವಾಗೇ ದಾರಿಗೆ ಬರ್ತಾರ' ಎಂದರು. ಹುಡುಗಿ ಮೆಲ್ಲಗೆ, 'ಅತ್ತಿ ನನಗ ಏನೂ ಮಾಡಿಲ್ರಿ ಸರ್' ಎಂದಳು. 'ಅದೆಲ್ಲಾ ನಿನಗ ತಿಳಿಯಂಗಿಲ್ಲ ತಂಗಿ' ಎಂದು ಅವರು ಫೈಲಿನ ಕಡೆ ತಿರುಗಿದರು. ನಮ್ಮ ಭಾವನವರಿಗೆ ಅವರು ಬಹಳ ಹಿಡಿಸಿದರು.

ನನ್ನ ಮಾತು ತಪ್ಪು ತಿಳಿಯಬೇಡಿ. ಬಡಿತ ತಿಂದು ಬಂದ ಹೆಣ್ಣುಮಗಳಿಗೆ ಕ್ರಿಮಿನಲ್ ಕಾನೂನು ಬೇಕೇ ಬೇಕು. 498ಎ ಎಂದು ನಾವು ಕರೆಯುತ್ತಿದ್ದುದು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ರಕ್ಷಣೆಯ ಆದೇಶ, ಇರಲು ಮನೆ ಎಲ್ಲವನ್ನೂ ಕೇಳಬಹುದು. ಅಂಥ ಪ್ರಕರಣದಲ್ಲಿ 'ಸ್ವಲ್ಪ ತಡೀರಿ, ರಾಜಿ ಮಾಡೂಣು' ಎನ್ನುವ ವಕೀಲರೇ ತಪ್ಪು ವಕೀಲರು. ಹುಡುಗಿ ಆಗಿಲ್ಲ ಎಂದದ್ದನ್ನು ಆಗಿದೆ ಎಂದು ಬರೆಯಲು ಹೊರಡುವುದು ನನಗೆ ಒಪ್ಪಿಗೆಯಾಗದ ಮಾತು.

ಎರಡನೆಯವರು ನಮ್ಮ ಪೈಕಿಯವರು, ಬಳಗದವರು. ಚಹಾ ತರಿಸಿದರು, ಸಂಬಂಧ ಹುಡುಕಿ ಮಾಮಾ ಎಂದರು. ಮುಕ್ಕಾಲು ತಾಸು ಭಾವನವರ ಜೊತೆ, ನನ್ನ ಜೊತೆ ಮಾತನಾಡಿದರು. ಹುಡುಗಿಯನ್ನು ಒಂದು ಮಾತೂ ಕೇಳಲಿಲ್ಲ. ಖರ್ಚು ಉಳಿಯುತ್ತದೆ, ಎರಡೂ ಕಡೆಯ ಕಾಗದ ತಾವೇ ಮಾಡಿಕೊಡುತ್ತೇವೆ ಎಂದೂ ಹೇಳಿದರು. ನಮ್ಮವರೇ ಆಗಬೇಕು ಎಂಬ ಹಟ ನಮ್ಮಲ್ಲಿ ಗಟ್ಟಿ. ಒಳಪಂಗಡ ಕೇಳಿ ವಕೀಲರನ್ನು ಹಿಡಿಯುವವರನ್ನೂ ನೋಡಿದ್ದೇನೆ. ಕಕ್ಷಿದಾರರು ಹೇಳಿದ್ದನ್ನು ಗುಟ್ಟಾಗಿಡುವುದು ವಕೀಲರ ಕರ್ತವ್ಯ, ಸರಿ. ಆದರೆ ಮುಂದಿನ ಮದುವೆಯ ಚಪ್ಪರದಲ್ಲಿ ಎರಡೂ ಬೀಗರ ನಡುವೆ ಊಟಕ್ಕೆ ಕೂರುವ ಮನುಷ್ಯನಿಗೆ ಆ ಭಾರ ಯಾಕೆ ಹೊರಿಸಬೇಕು? ಇನ್ನು ಎರಡೂ ಕಡೆಗೆ ಒಬ್ಬರೇ ವಕೀಲರೆಂದರೆ, ಗುತ್ತಿಗೆದಾರನ ಕೈಗೇ ಅಳತೆಪುಸ್ತಕ ಕೊಟ್ಟ ಹಾಗೆ. ಪರಸ್ಪರ ಒಪ್ಪಿಗೆಯ ಬಿಡುಗಡೆಯಲ್ಲೂ ಜೀವನಾಂಶ, ಬಂಗಾರ, ಮಗು ಎಂಬ ಮೂರರಲ್ಲಿ ಹಿತಗಳು ಬೇರೆಬೇರೆ ಇರುತ್ತವೆ.

ಮೂರನೆಯವರು ಹೆಣ್ಣುಮಗಳು. ಮೇಲಿನ ಮಾಳಿಗೆಯಲ್ಲಿ ಸಣ್ಣ ಆಫೀಸು. ನಾವು ಕೂತ ಕೂಡಲೇ, 'ಅಪ್ಪಾರ, ನೀವಿಬ್ರೂ ಒಂದೀಟು ಹೊರಗ ಕುಂದ್ರತೀರೇನ್ರಿ?' ಎಂದರು. ಒಂದು ತಾಸು ವರಾಂಡದ ಬೆಂಚಿನ ಮೇಲೆ ಕೂತೆವು. 'ಫೀ ಕೊಡಾವ್ರು ನಾವು, ಹೊರಗ ಕುಂದ್ರಾವ್ರೂ ನಾವ' ಎಂದು ಭಾವನವರು ಎರಡು ಸಲ ಎದ್ದು ನಿಂತರು. ಒಳಗೆ ಕರೆದಾಗ ವಕೀಲರ ಮುಂದೆ ಒಂದು ಹಾಳೆ ತುಂಬ ತಾರೀಖುಗಳಿದ್ದವು. ಲಗ್ನದ ಫೋಟೋ ಎಲ್ಲಿದೆ, ನೋಂದಣಿ ಆಗಿದೆಯೇ, ಬಂಗಾರ ಯಾರ ಹತ್ತಿರ ಇದೆ, ಎಂದಿನಿಂದ ಬೇರೆ ಇದ್ದೀರಿ, ಎಲ್ಲ ಕೇಳಿದ್ದರು. ಬಾಂಡ್ ನೋಡಿ ಬದಿಗಿಟ್ಟು ಹೀಗೆ ಹೇಳಿದರು: ಒಂದು ವರ್ಷ ಬೇರೆ ಇದ್ದುದರಿಂದ 13ಬಿ ಕಲಮಿನಡಿ ಇಬ್ಬರೂ ಕೂಡಿ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. 2017ರಲ್ಲಿ ಸುಪ್ರೀಂ ಕೋರ್ಟು, ಕೆಲವು ಷರತ್ತು ಪೂರೈಸಿದರೆ ಆ ಅವಧಿಯನ್ನು ಮನ್ನಾ ಮಾಡಬಹುದು ಎಂದಿದೆ; ಅದನ್ನೇ ನಂಬಿ ಕೂರಬೇಡಿ. 'ಇಷ್ಟ ದಿನದಾಗ ಆಗತೈತಿ ಅಂತ ನಾ ಮಾತು ಕೊಡೂದಿಲ್ಲ' ಎಂದರು. ವಕಾಲತ್ತುನಾಮೆಗೆ ಅಂದೇ ಸಹಿ ಬೇಡ, ಹತ್ತು ದಿನ ಯೋಚಿಸಿ ಬಾ ಎಂದು ಹುಡುಗಿಗೆ ಹೇಳಿ ಕಳಿಸಿದರು.

ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಅವಳು, 'ಮಾಮಾ, ನನಗ ಇವರ ಇರಲಿ' ಎಂದಳು. ಸೋದರಮಾವನ ಅಧಿಕಾರ ನಾನು ಬಳಸಿದ್ದು ಆಗ ಒಂದೇ ಸಲ. ಹುಲಿಯ ಹತ್ತಿರ ಮರಳಿ ಹೋಗಬೇಕೆಂದಿದ್ದ ಭಾವನವರನ್ನು ತಡೆದೆ.

ಹೆಣ್ಣುಮಕ್ಕಳಿಗೆ ಹೆಣ್ಣು ವಕೀಲರೇ ಬೇಕು ಎನ್ನುತ್ತಿಲ್ಲ. ಇನ್ನೊಂದು ಮನೆಯವರಿಗೆ ಅರವತ್ತು ದಾಟಿದ ಗಂಡಸು ವಕೀಲರು ಅಷ್ಟೇ ಚೆನ್ನಾಗಿ ನಡೆಸಿಕೊಟ್ಟರು. ಯಾರ ಬದುಕಿನ ಪ್ರಶ್ನೆಯೋ ಅವರನ್ನು ಮಾತನಾಡಿಸುವ ವಕೀಲರು ಬೇಕು. ಕಾನೂನಿನ ದೃಷ್ಟಿಯಿಂದಲೂ ಇದು ಬೇಕು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ಅಲ್ಲಿ ವಕೀಲರ ಮೂಲಕ ವಾದಿಸುವುದು ಹಕ್ಕಲ್ಲ, ನ್ಯಾಯಾಲಯ ಅವಕಾಶ ಕೊಡಬೇಕು; ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ. ನ್ಯಾಯಾಧೀಶರು, ಆಪ್ತಸಮಾಲೋಚಕರು ನೇರವಾಗಿ ಗಂಡ ಹೆಂಡತಿಯನ್ನೇ ಕೇಳುತ್ತಾರೆ. ವಕೀಲರ ಕೋಣೆಯಲ್ಲೇ ಬಾಯಿ ತೆರೆಯದ ಹುಡುಗಿ ಅಲ್ಲಿ ಏನು ಹೇಳಬೇಕು?

ಫೀ ಮಾತಿಗೆ ಬರೋಣ. ಟೆಂಡರಿನಲ್ಲಿ ಅಂದಾಜಿಗಿಂತ ತೀರಾ ಕೆಳಗೆ ದರ ಹಾಕಿದವನನ್ನು ಕಂಡರೆ ನಮಗೆ ಹೆದರಿಕೆ. ಅವನು ಅರ್ಧಕ್ಕೆ ಬಿಟ್ಟು ಹೋಗುತ್ತಾನೆ, ಇಲ್ಲವೇ ಹೆಚ್ಚುವರಿ ಕೆಲಸ ತೋರಿಸಿ ಬಿಲ್ಲು ಏರಿಸುತ್ತಾನೆ. ಇಲ್ಲಿಯೂ ಹಾಗೆಯೇ. ಒಟ್ಟು ಎಷ್ಟು, ತಾರೀಖಿಗೆ ಎಷ್ಟು, ಟೈಪಿಂಗ್ ಬೇರೆಯೇ, ಮೇಲ್ಮನವಿಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕಾಗಿ ಬಂದರೆ ಯಾರು ಹೋಗುತ್ತಾರೆ, ಮೊದಲೇ ಕೇಳಿ ಒಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಕೊಟ್ಟ ದುಡ್ಡಿಗೆ ರಸೀದಿ ಕೇಳಿ. ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ಎನ್ನುವವರಿದ್ದರೆ ಎದ್ದು ಬನ್ನಿ. ವಕೀಲರ ಪರಿಷತ್ತಿನ ನಿಯಮದಲ್ಲೇ ಅದಕ್ಕೆ ನಿಷೇಧವಿದೆ. (ಪರ್ಸೆಂಟೇಜ್ ಎಂಬ ಶಬ್ದ ನಮ್ಮ ಇಂಜಿನಿಯರುಗಳಿಗೆ ಹೊಸದಲ್ಲ, ಆದ್ದರಿಂದ ಬೇಗ ಗುರುತು ಹಿಡಿಯುತ್ತೇನೆ.)

ಅರ್ಜಿಯ ಕರಡು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಸಹಿ ಮಾಡುವ ಮೊದಲು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೇಳುವಾಗ ಬಲ ಬರಲಿ ಎಂದು ಶೀಲದ ಬಗ್ಗೆ, ಹುಚ್ಚಿನ ಬಗ್ಗೆ ನಾಲ್ಕು ಸಾಲು ಸೇರಿಸುವವರಿದ್ದಾರೆ. ಆ ಕಾಗದ ದಾಖಲೆಯಲ್ಲಿ ಉಳಿಯುತ್ತದೆ, ಮಗು ದೊಡ್ಡದಾದ ಮೇಲೆ ಓದುತ್ತದೆ. ಜೀವನಾಂಶ ಕೇಳುವುದಿದ್ದರೆ, 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಕೊಡಬೇಕು. ಅದರ ಬಗ್ಗೆ ಮೊದಲೇ ಹೇಳದ ವಕೀಲರು ಕಾನೂನು ಓದುವುದನ್ನು ನಿಲ್ಲಿಸಿದ್ದಾರೆ ಎಂದೇ ತಿಳಿಯಿರಿ. ಗಂಡ ಬೇರೆ ಊರಿನಲ್ಲಿದ್ದರೆ ಅಲ್ಲಿಗೇ ಹೋಗಬೇಕೆಂದಿಲ್ಲ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನಿರುವ ಕಡೆಯೇ ಅರ್ಜಿ ಹಾಕಬಹುದು.

ಅಳತೆಪುಸ್ತಕದ ಕೆಲಸಕ್ಕೆ ಈಗ ಮೊಬೈಲ್ ಇದೆ. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಹಿಂದಿನ ತಾರೀಖಿಗೆ ಏನಾಯಿತು, ಮುಂದಿನದು ಎಂದು ಎಂಬುದು ಕಾಣುತ್ತದೆ. ನಾಲ್ಕು ಮನೆಗಳಲ್ಲಿ ಒಂದು ಮನೆಯವರಿಗೆ ಅವರ ವಕೀಲರು ಐದು ತಿಂಗಳು 'ತಾರೀಖ ಬಿದ್ದೈತ್ರಿ' ಎನ್ನುತ್ತಲೇ ಇದ್ದರು. ಆ್ಯಪ್ ತೆರೆದರೆ, ಗೈರುಹಾಜರಿಯಿಂದ ಪ್ರಕರಣವೇ ವಜಾ ಆಗಿತ್ತು. ಮತ್ತೆ ಅದನ್ನು ಎಬ್ಬಿಸಲು ಬೇರೆ ವಕೀಲರು ಬೇಕಾದರು. ಫೀ ಬಾಕಿ ಇದೆ ಎಂದು ಹಳೆಯ ವಕೀಲರು ಫೈಲು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ವಕೀಲರನ್ನು ಬದಲಿಸುವುದು ಪಾಪವಲ್ಲ. ಎರಡು ತಿಂಗಳಿಗೊಬ್ಬರನ್ನು ಬದಲಿಸುವುದು ಮಾತ್ರ ಬೇಡ.

ತಂಗಿಯ ಮಗಳ ಬಿಡುಗಡೆ ಒಪ್ಪಿಗೆಯಿಂದಲೇ ಆಯಿತು. ಬಂಗಾರದ ಪಟ್ಟಿ, ಮಗುವಿನ ಶಾಲೆಯ ಖರ್ಚು, ತಂದೆ ಮಗುವನ್ನು ನೋಡುವ ದಿನಗಳು, ಎಲ್ಲ ಷರತ್ತುಗಳಲ್ಲಿ ಬರೆದಿವೆ. ಬಂಗಾರದಲ್ಲಿ ಎರಡು ಬಳೆ ಬರಲೇ ಇಲ್ಲ. ಅವಳೇ ಬಿಟ್ಟುಬಿಡಿ ಎಂದಳು. ಷರತ್ತಿನಲ್ಲಿ ಬರೆಯದ ಒಂದು ಸಂಗತಿಯೂ ನಡೆದಿದೆ. ಬಸವ ಜಯಂತಿಗೆ ಆ ಅತ್ತೆ ಖಾನಾಪುರದಿಂದ ಬಸ್ಸು ಹತ್ತಿ ಬಂದು ಮೊಮ್ಮಗಳ ಕೈಯಲ್ಲಿ ಹೋಳಿಗೆಯ ಡಬ್ಬಿ ಕೊಟ್ಟು, ಮಧ್ಯಾಹ್ನ ಮರಳುತ್ತಾರೆ.

ದುಡ್ಡಿಲ್ಲದವರಿಗೆ ಇದೆಲ್ಲ ಹೇಗೆ ಎಂದು ಕೇಳುವಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಎಷ್ಟೇ ಆಸ್ತಿವಂತರ ಮಗಳಾದರೂ ಉಚಿತ ವಕೀಲರನ್ನು ಕೇಳಬಹುದು. ಬೆಳಗಾವಿಯಲ್ಲಿ ಜಿಲ್ಲಾ ಪ್ರಾಧಿಕಾರ, ಖಾನಾಪುರದಲ್ಲಿ ತಾಲೂಕು ಸಮಿತಿ ಇವೆ. ಫೋನ್ ಮಾಡುವುದಾದರೆ 15100. ಉಚಿತ ವಕೀಲರಾದರೂ ನಾನು ಹೇಳಿದ ಪ್ರಶ್ನೆಗಳನ್ನೇ ಕೇಳಿ. ಹುಡುಗಿಯನ್ನು ಕರೆದುಕೊಂಡು ಹೋಗಿ, ಅವಳು ಒಳಗೆ ಹೋದಾಗ ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಇನ್ನೂ ಕೇಳುವುದಿದ್ದವರು ಪ್ರಸಾದದ ಹೊತ್ತಿಗೆ ದಾಸೋಹ ಭವನದಲ್ಲಿ ಸಿಗಿ, ನಾನು ಅಲ್ಲೇ ಇರುತ್ತೇನೆ.